ನೆರೆ ಯಾವ ತಿಂಗಳಲ್ಲಿ, ಯಾವ ಕಡೆಯಿಂದ? ಮನೆಯ ಲೆಕ್ಕ ಮನೆಯಲ್ಲೇ ಹಾಕುವ ಕ್ರಮ

"ರೆಡ್ ಅಲರ್ಟ್ ಎಂದರು, ಇಡೀ ದಿನ ಬಿಸಿಲು ಕಾಯಿತು. ಯೆಲ್ಲೋ ಎಂದ ದಿನ ಅಂಗಳಕ್ಕೆ ನೀರು ನುಗ್ಗಿತು." ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಹೋಟೆಲಿನಲ್ಲಿ ಚಹಾಕ್ಕೆ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ. ಹವಾಮಾನ ಇಲಾಖೆಯನ್ನು ಬೈದು ಚಹಾ ಮುಗಿಸುವುದು ಸುಲಭ. ಬೈಯುವವರಲ್ಲಿ ಹೆಚ್ಚಿನವರಿಗೆ ತಮ್ಮ ಮನೆಗೆ ನೀರು ಬರುವುದು ಹೊಳೆಯಿಂದಲೋ, ತೋಡಿನಿಂದಲೋ, ಹಿಂದಿನ ಗುಡ್ಡೆಯಿಂದಲೋ ಅಥವಾ ನೆರೆಮನೆಯವರು ಹೊಸದಾಗಿ ಕಟ್ಟಿಸಿದ ಕಾಂಪೌಂಡಿನ ದೆಸೆಯಿಂದಲೋ ಎಂಬುದೇ ಗೊತ್ತಿರುವುದಿಲ್ಲ. ಅದು ಗೊತ್ತಿಲ್ಲದವರಿಗೆ ಅಲರ್ಟಿನ ಬಣ್ಣ ಯಾವುದಾದರೂ ಒಂದೇ.

ಇನ್ನೊಂದು ಮಾತೂ ಚಾಲ್ತಿಯಲ್ಲಿದೆ: "2018ರಲ್ಲಿ ಕೇರಳವೆಲ್ಲ ಮುಳುಗಿದರೂ ಕಾಸರಗೋಡಿಗೆ ಏನೂ ಆಗಲಿಲ್ಲ." ಆ ಆಗಸ್ಟಿನ ಮಹಾಮಳೆಯ ಹೊಡೆತ ನಮ್ಮ ಜಿಲ್ಲೆಗೆ ಅಷ್ಟಾಗಿ ತಟ್ಟಲಿಲ್ಲ, ನಿಜ. ಮರುವರ್ಷ, 2019ರ ಆಗಸ್ಟಿನಲ್ಲಿ, ತೇಜಸ್ವಿನಿ ಹೊಳೆ ಉಕ್ಕಿ ನೀಲೇಶ್ವರ, ಚೆರುವತ್ತೂರು ಕಡೆಯ ತಗ್ಗು ಪ್ರದೇಶಗಳಿಗೆ ನುಗ್ಗಿತು ಎಂಬುದನ್ನು ಹೇಳುವವರು ಕಡಿಮೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಒಂದು ವರ್ಷದ ಅದೃಷ್ಟವನ್ನು ನಂಬಿ ಕೂರಬಾರದು.

ಹೆಜ್ಜೆ 1: ನೀರಿನ ದಾರಿ ನೋಡಿ

ಜೋರು ಮಳೆ ಬರುತ್ತಿರುವಾಗಲೇ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಬೇಸಿಗೆಯಲ್ಲಿ ನೋಡಿದರೆ ಏನೂ ಕಾಣದು. ಕೆಂಪು ನೀರು ರಭಸದಿಂದ ಬಂದರೆ ಗುಡ್ಡೆಯದ್ದು. ಮೆಲ್ಲಗೆ, ಹಿಮ್ಮುಖವಾಗಿ, ಕಸಕಡ್ಡಿ ತೇಲಿಸಿಕೊಂಡು ಏರಿದರೆ ತೋಡಿನದ್ದು ಅಥವಾ ಹೊಳೆಯದ್ದು. ತಿಳಿಯಾಗಿದ್ದು ನೆಲದಿಂದಲೇ ಜಿನುಗಿದರೆ ಒಸರು. ಹತ್ತು ವರ್ಷದ ಹಿಂದೆ ನೀರು ಬಾರದಿದ್ದ ಜಾಗಕ್ಕೆ ಈಗ ಬರುತ್ತಿದ್ದರೆ ಮೇಲೆ ಏನು ಕಟ್ಟಿದ್ದಾರೆ ಎಂದು ನೋಡಿ: ಎತ್ತರಿಸಿದ ರಸ್ತೆ, ಕಿಂಡಿಯಿಲ್ಲದ ಮುರಕಲ್ಲಿನ ಕಾಂಪೌಂಡು, ಹೆದ್ದಾರಿ ಅಗಲಗೊಳಿಸುವಾಗ ಮುಚ್ಚಿಹೋದ ಮೋರಿ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದವರು ಬೇರೆಯವರನ್ನು ದೂರುವ ಮೊದಲು ಕಾಲಬುಡ ನೋಡಿಕೊಳ್ಳಲಿ. ಹನಿ ನೀರೂ ಇಂಗದ ಆ ಹಾಸು ನಮ್ಮ ಊರಿಗೆ ಹೇಳಿಸಿದ್ದಲ್ಲ.

ಹೆಜ್ಜೆ 2: ವರ್ಷವನ್ನು ವಿಷುವಿನಿಂದ ಎಣಿಸಿ

ಜನವರಿಯಿಂದ ಎಣಿಸಿದರೆ ನೆರೆಯ ಲೆಕ್ಕ ಹತ್ತುವುದಿಲ್ಲ. ಏಪ್ರಿಲ್ ನಡುವಿನ ವಿಷು ಕಳೆದ ಮೇಲೆ ಬರುವ ಅಪಾಯಗಳಲ್ಲಿ ಮೊದಲನೆಯದಕ್ಕೆ ಮಳೆಯೇ ಬೇಡ. ಆಕಾಶ ನಿರ್ಮಲ, ಗಾಳಿಯಿಲ್ಲ, ಆದರೂ ಕಡಲು ದಡ ದಾಟಿ ಒಳಗೆ ಬರುತ್ತದೆ. ಮಲಯಾಳದಲ್ಲಿ ಕಳ್ಳಕ್ಕಡಲ್ ಎಂದು ಕರೆಯುವ ಈ ವಿದ್ಯಮಾನಕ್ಕೆ ಕಾರಣ ನಮ್ಮ ಕಡಲಲ್ಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾವಿರಾರು ಕಿಲೋಮೀಟರ್ ಸಾಗಿ ಇಲ್ಲಿಗೆ ತಲುಪುತ್ತವೆ. ಮುಖ್ಯವಾಗಿ ಏಪ್ರಿಲ್‌, ಮೇ ತಿಂಗಳುಗಳ ಕಾಟ ಇದು. ಉಬ್ಬರದ ಹೊತ್ತಿಗೆ ಸರಿಯಾಗಿ ಬಂದರೆ ಹೊಡೆತ ಜಾಸ್ತಿ. ಇದರ ಎಚ್ಚರಿಕೆ ಕೊಡುವುದು ಮಳೆಯ ಇಲಾಖೆಯಲ್ಲ, ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಪ್ರಕಟಣೆಯಲ್ಲಿ "ಕುಂಜತ್ತೂರಿನಿಂದ ಕೋಟ್ಟಕ್ಕುನ್ನಿನವರೆಗೆ" ಎಂದು ಓದಿದರೆ ಅದು ನಮ್ಮ ಜಿಲ್ಲೆಯ ಕರಾವಳಿ ಎಂದು ತಿಳಿಯಿರಿ. ಬಿಸಿಲಿದೆ ಎಂದು ನಗಬೇಡಿ.

ಅದೇ ತಿಂಗಳುಗಳಲ್ಲಿ ಒಳನಾಡಿನ ಅಪಾಯ ಸಂಜೆಯ ಗುಡುಗುಮಳೆ. ಏತಡ್ಕದಂಥ ಊರುಗಳಲ್ಲಿ ತೋಡಿಗೆ ಬೇಸಿಗೆಯ ಕಟ್ಟ, ಅಂದರೆ ನೀರು ನಿಲ್ಲಿಸುವ ಅಡ್ಡಗಟ್ಟೆ, ಹಾಕುವ ಪದ್ಧತಿ ಇದೆ. ಬಹಳ ಒಳ್ಳೆಯದು, ಬಾವಿಗಳು ಅದರಿಂದಲೇ ಬದುಕಿವೆ. ಆದರೆ ಕಟ್ಟದ ಹಲಗೆ ತೆಗೆಯುವುದನ್ನು ಮೇ ಕೊನೆಯ ವಾರದ ಪತ್ತನಾಜೆಯವರೆಗೆ ಮುಂದೂಡಿದರೆ ಒಂದೇ ಸಂಜೆಯ ಮಳೆಗೆ ನೀರು ಹಿಂದಕ್ಕೆ ಒತ್ತಿ ತೋಟಕ್ಕೆ ಹತ್ತುತ್ತದೆ. ಮುಂಗಾರು ಜೂನ್ 1ಕ್ಕೇ ಬರಬೇಕೆಂದು ಬರೆದುಕೊಟ್ಟಿಲ್ಲ. 2025ರಲ್ಲಿ ಅದು ಕೇರಳಕ್ಕೆ ಕಾಲಿಟ್ಟದ್ದು ಮೇ 24ರಂದು. ಮೇ ತಿಂಗಳಿಗೆ ಚಂಡಮಾರುತದ ಭಯವೂ ಇದೆ. 2021ರ ತೌಕ್ತೆ ನಮ್ಮ ನೆಲಕ್ಕೆ ಅಪ್ಪಳಿಸದೆ ಕಡಲಲ್ಲೇ ಉತ್ತರಕ್ಕೆ ಹೋಯಿತು. ಅಷ್ಟಕ್ಕೇ ಉಪ್ಪಳದ ಮುಸೋಡಿಯಲ್ಲಿ ಎರಡು ಅಂತಸ್ತಿನ ಮನೆ ಅಲೆಗಳಿಗೆ ಕುಸಿದುಬಿತ್ತು.

ಜೂನ್ ತಿಂಗಳ ನೆರೆ ಹೆಚ್ಚಾಗಿ ಕಸದ ನೆರೆ. ನೆಲ ಇನ್ನೂ ನೀರು ಕುಡಿಯುತ್ತಿರುತ್ತದೆ, ಹೊಳೆ ತುಂಬಿರುವುದಿಲ್ಲ. ಆದರೆ ಮೋರಿಗಳಲ್ಲಿ ಎಂಟು ತಿಂಗಳ ಪ್ಲಾಸ್ಟಿಕ್ಕು, ತೆಂಗಿನ ಸಿಪ್ಪೆ, ಕಟ್ಟಡದ ಮಣ್ಣು ತುಂಬಿರುತ್ತದೆ. ಅಳಿವೆಬಾಗಿಲಿಗೆ ಮರಳದಿಬ್ಬ ಅಡ್ಡ ಬಿದ್ದಿದ್ದರೆ ಸಣ್ಣ ಹೊಳೆಗಳಿಗೆ ಕಡಲಿಗೆ ದಾರಿಯೇ ಇರುವುದಿಲ್ಲ.

ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಲೆಕ್ಕ ಪೂರ್ತಿ ಬದಲಾಗುತ್ತದೆ. ನೆಲ ನೀರು ಕುಡಿದು ತಣಿದಿರುತ್ತದೆ. ಮೇಲೆ ಬಿದ್ದದ್ದೆಲ್ಲ ಹಾಗೆಯೇ ಹರಿಯುತ್ತದೆ. ಜೂನಿನಲ್ಲಿ ಏನೂ ಮಾಡದ ಮಳೆ ಆಟಿಯಲ್ಲಿ ಹೊಳೆಯನ್ನು ಉಕ್ಕಿಸುತ್ತದೆ. ಮಧೂರು ದೇವಸ್ಥಾನದ ಅಂಗಳಕ್ಕೆ ಮಧುವಾಹಿನಿ ಏರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರೆ, ಅಂದರೆ ಗುಡ್ಡೆಯ ಕಡಿದಾದ ಮಣ್ಣಿನ ಬದಿ, ಜರಿಯುವ ಕಾಲವೂ ಇದೇ. ಗುಡ್ಡೆ ಕಡಿದು ಮನೆ ಕಟ್ಟಿದವರು ಹಿಂದಿನ ಒಸರನ್ನು ದಿನವೂ ನೋಡಬೇಕು. ತಿಳಿಯಾಗಿದ್ದ ಒಸರು ಏಕಾಏಕಿ ಕೆಂಪಾದರೆ, ಜೋರು ಮಳೆಯಲ್ಲೂ ನಿಂತುಹೋದರೆ, ಬರೆಯ ನೆತ್ತಿಯಲ್ಲಿ ಹೊಸ ಬಿರುಕು ಕಂಡರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಟಾರ್ಪಾಲು ಹೊದೆಸಿ ಸಮಾಧಾನ ಮಾಡಿಕೊಳ್ಳುವುದನ್ನು ಕಾಣುತ್ತಿರುತ್ತೇನೆ. ಒಳಗಿನಿಂದ ಬರುವ ನೀರಿಗೆ ಹೊರಗಿನ ಟಾರ್ಪಾಲು ಏನು ಮಾಡೀತು?

ಅಕ್ಟೋಬರ್‌, ನವೆಂಬರ್‌ನ ತುಲಾಮಾಸದ ಮಳೆ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನೊಂದಿಗೆ ಬರುತ್ತದೆ. ಹೊಳೆ ಉಕ್ಕುವುದು ಅಪರೂಪ, ಸಣ್ಣ ತೋಡು ಗಂಟೆಯೊಳಗೆ ತುಂಬುವುದು ಸಾಮಾನ್ಯ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೆಲಸದ ತಿಂಗಳುಗಳು. ಮುಂದಿನ ಹೆಜ್ಜೆಗೆ ಅದೇ ಸರಿಯಾದ ಹೊತ್ತು.

ಹೆಜ್ಜೆ 3: ಹಳೆಯ ನೆರೆಯ ಮಟ್ಟವನ್ನು ನಿಮ್ಮ ಗೋಡೆಗೆ ತನ್ನಿ

ಜನ ಎಡವುವುದು ಇಲ್ಲಿ, ಅದಕ್ಕಾಗಿ ತಾಳ್ಮೆಯಿಂದ ಓದಿ. ನಿಮಗೆ ಬೇಕಾದದ್ದು ಒಂದೇ ಸಂಗತಿ: ನೆನಪಿರುವ ಅತಿ ದೊಡ್ಡ ನೆರೆ ಇಂದು ಮತ್ತೆ ಬಂದರೆ ನೀರು ನಿಮ್ಮ ಗೋಡೆಯಲ್ಲಿ ಎಲ್ಲಿ ನಿಲ್ಲುತ್ತದೆ?

ಮೊದಲು ಹಿರಿಯರನ್ನು ಕೇಳಬೇಕು. ಕೇಳುವುದರಲ್ಲೂ ಕ್ರಮವಿದೆ. "ಎಷ್ಟು ನೀರು ಬಂದಿತ್ತು ಅಜ್ಜಾ?" ಎಂದರೆ ಅವರು ಸೊಂಟಕ್ಕೆ ಕೈ ಇಡುತ್ತಾರೆ. ಯಾರ ಸೊಂಟ, ಎಲ್ಲಿ ನಿಂತಾಗ? ಅಂದಿನ ದಾರಿ ಇಂದು ಟಾರು ಬಿದ್ದು ಮೇಲೆ ಬಂದಿದೆ. ಹಾಗಾಗಿ ವಸ್ತುವನ್ನು ಹಿಡಿದು ಕೇಳಿ. ದೈವಸ್ಥಾನದ ಯಾವ ಮೆಟ್ಟಿಲು ಮುಳುಗಿತ್ತು? ತುಳಸಿಕಟ್ಟೆ ಕಾಣುತ್ತಿತ್ತೇ? ನಾಗಬನದ ಕಲ್ಲಿಗೆ ನೀರು ಮುಟ್ಟಿತ್ತೇ? ಹಳೆಯ ಸಂಕದ (ಕಾಲುಸೇತುವೆಯ) ಕಲ್ಲುಕಂಬದಲ್ಲಿ ಎಷ್ಟನೇ ಸಾಲಿನವರೆಗೆ? ಜಾಗ ಬಿಟ್ಟು ಕದಲದ ವಸ್ತುವೇ ಸಾಕ್ಷಿ. ಇಬ್ಬರು ಬೇರೆ ಬೇರೆಯಾಗಿ ಅದೇ ಮೆಟ್ಟಿಲು ತೋರಿಸಿದರೆ ನಂಬಿ. ಇತ್ತೀಚಿನ ನೆರೆಯಾದರೆ ಗೋಡೆಯ ಕೆಸರುಗೆರೆ, ಬೇಲಿಯಲ್ಲಿ ಸಿಕ್ಕಿಕೊಂಡ ಹುಲ್ಲು, ಅಡಿಕೆ ಮರದ ಕಾಂಡದ ಮೇಲಿನ ಬೂದುಬಣ್ಣದ ಪಟ್ಟಿ ಇನ್ನೂ ಒಳ್ಳೆಯ ಸಾಕ್ಷಿ. ಮರದ ಪಟ್ಟಿ ಒಂದು ಮಳೆಗಾಲ ಕಳೆದರೆ ಅಳಿಸಿಹೋಗುತ್ತದೆ, ಕಂಡ ಕೂಡಲೇ ಗುರುತು ಹಾಕಿ.

ಇನ್ನು ಆ ಮಟ್ಟವನ್ನು ಮನೆಗೆ ತರಬೇಕು. ಮೊಬೈಲಿನಲ್ಲಿ ಎತ್ತರ ತೋರಿಸುವ ಆ್ಯಪ್ ಬಳಸಿ "ನಮ್ಮ ಮನೆ ಹೊಳೆಗಿಂತ ಒಂಬತ್ತು ಮೀಟರ್ ಮೇಲಿದೆ" ಎಂದು ಹೇಳಿಕೊಳ್ಳುವವರಿದ್ದಾರೆ. ಅದರಲ್ಲಿ ಹಲವು ಮೀಟರುಗಳ ವ್ಯತ್ಯಾಸ ಬರುವುದು ಮಾಮೂಲು. ನೆರೆಯ ಲೆಕ್ಕದಲ್ಲಿ ಒಂದು ಗೇಣು ಕೂಡ ಮುಖ್ಯ, ಆದ್ದರಿಂದ ಆ್ಯಪ್ ಬೇಡವೇ ಬೇಡ. ಮೇಸ್ತ್ರಿಗಳು ಅಡಿಪಾಯಕ್ಕೆ ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಸಾಕು. ಇಪ್ಪತ್ತು ಮೀಟರ್ ಉದ್ದದ್ದು ಇರಲಿ. ಹೊಸದಾಗಿ ಕೊಳ್ಳುವುದಾದರೆ ಗಟ್ಟಿ ದಪ್ಪದ್ದು ಕೊಳ್ಳಿ. ತೆಳುವಿನದು ಮಡಚಿದಲ್ಲಿ ಒತ್ತಿಕೊಂಡು ನೀರನ್ನೇ ಬಿಡುವುದಿಲ್ಲ.

ಬಕೆಟಿನಲ್ಲಿ ನೀರು ತುಂಬಿಸಿ, ಸ್ವಲ್ಪ ನೀಲಿ ಕದಡಿ. ಪೈಪಿನ ಒಂದು ತುದಿಯನ್ನು ಅದರಲ್ಲಿ ಮುಳುಗಿಸಿ, ಇನ್ನೊಂದು ತುದಿಯನ್ನು ಕೆಳಗಿಟ್ಟು ಎಳೆದು ಹರಿಯಬಿಡಿ. ನಲ್ಲಿಯಿಂದ ನೇರ ತುಂಬಿಸಿದರೆ ಗುಳ್ಳೆ ಸೇರುತ್ತದೆ, ಒಂದೇ ಒಂದು ಗುಳ್ಳೆ ಉಳಿದರೂ ಮಟ್ಟ ಸುಳ್ಳಾಗುತ್ತದೆ. ಪೈಪನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ ಒಂದು ಕಡೆಯಿಂದ ನೋಡುತ್ತ ಹೋಗಿ, ಗುಳ್ಳೆ ಕಂಡಲ್ಲಿ ಬೆರಳಿನಿಂದ ತಟ್ಟಿ ತುದಿಯವರೆಗೆ ಓಡಿಸಿ. ಬಳಿಕ ಎರಡು ತುದಿಗಳನ್ನೂ ಅಕ್ಕಪಕ್ಕ ಹಿಡಿಯಿರಿ. ನೀರು ಎರಡರಲ್ಲೂ ಒಂದೇ ಗೆರೆಗೆ ನಿಲ್ಲಬೇಕು. ನಿಲ್ಲದಿದ್ದರೆ ಒಳಗೆ ಗುಳ್ಳೆ ಇದೆ, ಮೊದಲಿನಿಂದ ಶುರುಮಾಡಿ. ಈ ಪರೀಕ್ಷೆಯನ್ನು ಮೇಸ್ತ್ರಿಗಳೂ ಕೆಲವೊಮ್ಮೆ ಹಾರಿಸಿಬಿಡುತ್ತಾರೆ, ನೀವು ಹಾರಿಸಬೇಡಿ.

ಈಗ ಒಬ್ಬರು ಹಳೆಯ ಗುರುತಿನ ಬಳಿ ನಿಲ್ಲಿ, ಇನ್ನೊಬ್ಬರು ಮನೆಯ ದಿಕ್ಕಿಗೆ ನಡೆಯಲಿ. ನಡೆಯುವಾಗ ನೀರು ಚೆಲ್ಲದಂತೆ ಇಬ್ಬರೂ ತುದಿಗೆ ಹೆಬ್ಬೆರಳು ಒತ್ತಿರಬೇಕು. ಮಟ್ಟ ನೋಡುವ ಹೊತ್ತಿಗೆ ಇಬ್ಬರೂ ಹೆಬ್ಬೆರಳು ತೆಗೆದಿರಬೇಕು. ಹತ್ತರಲ್ಲಿ ಎಂಟು ಮಂದಿ ಕೆಡಿಸುವುದು ಇದೇ ಜಾಗದಲ್ಲಿ. ಒಬ್ಬರು ತೆಗೆಯುತ್ತಾರೆ, ಇನ್ನೊಬ್ಬರು ಮರೆಯುತ್ತಾರೆ. ನೀರು ಅಲ್ಲಾಡದೆ ನಿಂತದ್ದನ್ನು ನೋಡಿ "ಸರಿಯಾಯಿತು" ಎನ್ನುತ್ತಾರೆ. ಬೆರಳು ತೆಗೆದ ಮೇಲೆ ನೀರು ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡಿ ನಿಲ್ಲುವುದು ಕಣ್ಣಿಗೆ ಕಾಣಬೇಕು. ಆಡದೆ ನಿಂತರೆ ಎಲ್ಲೋ ಮುಚ್ಚಿಕೊಂಡಿದೆ ಎಂದರ್ಥ. ಹಳೆಯ ಗುರುತಿನ ಬಳಿ ಇರುವವರು ನೀರು ಗುರುತಿಗೆ ಸರಿಯಾಗುವಂತೆ ತಮ್ಮ ತುದಿಯನ್ನು ಮೇಲೆ ಕೆಳಗೆ ಮಾಡಲಿ. ಸರಿಯಾಯಿತು ಎಂದು ಕೂಗಿದಾಗ ಈಚೆಯವರು ತಮ್ಮ ತುದಿಯ ನೀರಿನ ಗೆರೆಯನ್ನು ಮರಕ್ಕೋ ಕಂಬಕ್ಕೋ ಮೊಳೆ ಗೀರಿ ಗುರುತಿಸಲಿ. ಮುಂದಿನ ಇಪ್ಪತ್ತು ಮೀಟರಿಗೆ ಆ ಗೀರೇ ಹಳೆಯ ಗುರುತು. ಹೀಗೆ ಮರದಿಂದ ಮರಕ್ಕೆ, ಕಂಬದಿಂದ ಗೋಡೆಗೆ ಬನ್ನಿ. ಕೊನೆಗೆ ಗೋಡೆಯಿಂದ ಹಿಂದಕ್ಕೆ ಒಮ್ಮೆ ಅದೇ ದಾರಿಯಲ್ಲಿ ಹೋಗಿ ತಾಳೆ ನೋಡಿ. ಎರಡು ಬೆರಳಿನಷ್ಟು ವ್ಯತ್ಯಾಸ ಕ್ಷಮ್ಯ, ಗೇಣಿನಷ್ಟು ಬಂದರೆ ನಡುವೆ ಒಂದು ಕಡೆ ಹೆಬ್ಬೆರಳು ಕೆಲಸ ಕೆಡಿಸಿದೆ.

ಒಂದು ಎಚ್ಚರ. ಹರಿಯುವ ನೆರೆಯ ಮೇಲ್ಮೈ ಕೆರೆಯಂತೆ ಸಮತಟ್ಟಲ್ಲ, ಕೆಳಹರಿವಿನ ಕಡೆಗೆ ಇಳಿಜಾರಾಗಿರುತ್ತದೆ. ಆದ್ದರಿಂದ ಅರ್ಧ ಮೈಲು ಮೇಲಿನ ಸೇತುವೆಯ ಗುರುತನ್ನು ನಿಮ್ಮ ಮನೆಗೆ ತರಬೇಡಿ. ಮನೆಗೆ ನೇರ ಎದುರಿನದ್ದೇ ಬೇಕು. ಗೋಡೆಯಲ್ಲಿ ಸಿಕ್ಕಿದ ಗೆರೆಯ ಮೇಲೆ ಇನ್ನೊಂದು ಮೊಳ ಸೇರಿಸಿ ಎನಾಮಲ್ ಪೇಂಟಿನಲ್ಲಿ ಎಳೆಯಿರಿ. ಸೀಮೆಸುಣ್ಣ ಬೇಡ, ಮನೆಯವರು ಮುಂದಿನ ಹಬ್ಬಕ್ಕೆ ಒರೆಸಿಬಿಡುತ್ತಾರೆ. ಆ ಗೆರೆಯ ಕೆಳಗೆ ಸ್ವಿಚ್‌ಬೋರ್ಡ್, ಇನ್ವರ್ಟರ್, ಪಂಪಿನ ಸ್ಟಾರ್ಟರ್, ದಾಖಲೆಪತ್ರಗಳ ಕಪಾಟು ಇರಬಾರದು.

ಇನ್ನೊಂದು ಗುರುತು ತೋಡಿನ ಸಂಕದ ಕಂಬಕ್ಕೆ. ಹತ್ತು ಸೆಂಟಿಮೀಟರಿಗೊಂದರಂತೆ ಬಿಳಿ ಗೆರೆ ಎಳೆದು ಅಂಕೆ ಬರೆಯಿರಿ. ನೀರು ಯಾವ ಅಂಕೆಯಲ್ಲಿದ್ದಾಗ ಅಂಗಳಕ್ಕೆ ಎಷ್ಟು ಹೊತ್ತಿನಲ್ಲಿ ಬಂತು ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅದೇ ದಿನದ ಚೌಕದೊಳಗೆ ಬರೆದಿಡಿ. ನಮ್ಮ ಹೊಳೆಗಳು ಗಿಡ್ಡ. ಮಂಜೇಶ್ವರ ಹೊಳೆಯಂತೂ 16 ಕಿಲೋಮೀಟರ್ ಉದ್ದದ್ದು, ಕೇರಳದಲ್ಲೇ ಅತಿ ಚಿಕ್ಕದು. ಜಿಲ್ಲೆಯ ಅತಿ ಉದ್ದದ ಚಂದ್ರಗಿರಿ ಕೂಡ 105 ಕಿಲೋಮೀಟರ್ ಅಷ್ಟೇ. ಗಂಗೆ, ಗೋದಾವರಿಯಂತೆ ದಿನಗಟ್ಟಲೆ ಮೊದಲೇ ಸುದ್ದಿ ಕೊಟ್ಟು ಏರುವ ಜಾತಿಯವಲ್ಲ ಇವು.

ಹೆಜ್ಜೆ 4: ಅಲರ್ಟ್ ಎರಡು ಬಗೆ, ರಾಜ್ಯವೂ ಎರಡು

ಹವಾಮಾನ ಇಲಾಖೆಯ ಬಣ್ಣ ಮಳೆಯದ್ದು. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಭಾರೀ ಮಳೆ, ಕೇರಳದಲ್ಲಿ ಅದಕ್ಕೆ ಯೆಲ್ಲೋ. 115.6ರಿಂದ 204.4ರವರೆಗೆ ಆರೆಂಜ್. ಅದಕ್ಕಿಂತ ಮೇಲೆ ರೆಡ್. ಇದು ಇಡೀ ಜಿಲ್ಲೆಗೆ, ಇಡೀ ದಿನಕ್ಕೆ ಹೇಳಿದ್ದು. ವೆಳ್ಳರಿಕುಂಡಿನ ಗುಡ್ಡಗಳಲ್ಲಿ ಸುರಿದರೆ ರೆಡ್ ಸರಿಯಾಯಿತು, ಕುಂಬಳೆಯಲ್ಲಿ ಬಿಸಿಲಿದ್ದರೂ. ಇತ್ತ, ನೂರು ಮಿಲಿಮೀಟರ್ ಇಡೀ ದಿನ ಜಿಟಿಜಿಟಿ ಬಂದರೂ ಯೆಲ್ಲೋ, ಎರಡೇ ಗಂಟೆಯಲ್ಲಿ ಬಂದು ತೋಡು ಹಾರಿದರೂ ಯೆಲ್ಲೋ. ಹೋಟೆಲಿನ ಜಗಳಕ್ಕೆ ಉತ್ತರ ಇಷ್ಟೇ. ತೋಡಿನ ಬದಿಯವರು ದಿನದ ಬಣ್ಣಕ್ಕಿಂತ ಮುಂದಿನ ಮೂರು ಗಂಟೆಗಳಿಗೆ ಕೊಡುವ ತತ್‌ಕ್ಷಣದ ಮುನ್ಸೂಚನೆಯನ್ನು ನೋಡಬೇಕು.

ಹೊಳೆಗೆ ಪ್ರತ್ಯೇಕ ಅಲರ್ಟ್ ಇದೆ. ನೀರಾವರಿಯವರು ಕೊಡುವ ಅದರಲ್ಲೂ ಅವೇ ಮೂರು ಬಣ್ಣ, ಹಾಗಾಗಿ ಜನ ಎರಡನ್ನೂ ಕಲಸಿಬಿಡುತ್ತಾರೆ. ಗುರುತಿಸುವುದು ಸುಲಭ: ಹೊಳೆಯ ಹೆಸರು, ಪಕ್ಕದಲ್ಲಿ ಮಾಪನ ಕೇಂದ್ರದ ಹೆಸರು ಇರುತ್ತದೆ. ಉಪ್ಪಳ ಹೊಳೆಗೆ ಉಪ್ಪಳ, ಶಿರಿಯಕ್ಕೆ ಪುತ್ತಿಗೆ, ಮೊಗ್ರಾಲಿಗೆ ಮಧೂರು. ಈ ಚಿತ್ರಗಳು ಹೆಚ್ಚಾಗಿ ಮಲಯಾಳದಲ್ಲೇ ಓಡಾಡುತ್ತವೆ. ಓದಲು ಬಾರದ ನಮ್ಮವರು ಬಣ್ಣ ಮಾತ್ರ ನೋಡಿ ಮುಂದಕ್ಕೆ ಕಳಿಸುತ್ತಾರೆ. ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಿದ್ದರೆ ಅವರಿಂದ ಓದಿಸಿ, ಜತೆಗೆ ತಾರೀಕನ್ನೂ ನೋಡಿಸಿ. ಹೋದ ವರ್ಷದ ರೆಡ್ ಅಲರ್ಟ್ ಈ ವರ್ಷ ಸುತ್ತು ಹೊಡೆಯುವುದು ಹೊಸದಲ್ಲ. "ಅಣೆಕಟ್ಟು ತೆರೆದರು" ಎಂಬ ಸಂದೇಶ ಬಂದರೆ ಅಲ್ಲೇ ಅಳಿಸಿ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಅಣೆಕಟ್ಟೇ ಇಲ್ಲ.

ಗಡಿನಾಡಿನವರು ಮರೆಯುವ ಸಂಗತಿ ಇನ್ನೊಂದಿದೆ. ಉಪ್ಪಳ ಹೊಳೆ ಹುಟ್ಟುವುದು ಕರ್ನಾಟಕದ ವೀರಕಂಬದ ಗುಡ್ಡಗಳಲ್ಲಿ. ಚಂದ್ರಗಿರಿಯನ್ನು ಸೇರುವ ಪಯಸ್ವಿನಿ ಕೊಡಗಿನ ಬೆಟ್ಟಗಳಿಂದ ಇಳಿದು ಸುಳ್ಯ ಹಾದು ಬರುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದಾಗ ಅದರ ಕೆಸರು ಇಳಿದದ್ದು ಇದೇ ಪಯಸ್ವಿನಿಗೆ. ತಿರುವನಂತಪುರದ ಹವಾಮಾನ ಕೇಂದ್ರ ಕಾಸರಗೋಡಿಗೆ ಹಸಿರು ತೋರಿಸಿದ ದಿನವೂ ಬೆಂಗಳೂರಿನ ಕೇಂದ್ರ ದಕ್ಷಿಣ ಕನ್ನಡಕ್ಕೆ, ಕೊಡಗಿಗೆ ರೆಡ್ ಕೊಟ್ಟಿರಬಹುದು. ಮೇಲೆ ಬಿದ್ದ ನೀರಿಗೆ ತಲಪಾಡಿಯ ಗಡಿ ಗೇಟು ಅಡ್ಡವಿಲ್ಲ. ಹೊಳೆಬದಿಯವರು ಮೂರೂ ಜಿಲ್ಲೆಗಳ ಬಣ್ಣ ನೋಡಬೇಕು. ಸುಳ್ಯ, ಬಂಟ್ವಾಳದ ಕಡೆ ನೆಂಟರಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಒಂದು ಫೋನು ಮಾಡಿ "ಭಾವ, ಅಲ್ಲಿ ಹೊಳೆ ಹೇಗಿದೆ?" ಎಂದು ಕೇಳಿದರೆ ಯಾವ ಆ್ಯಪ್ ಕೂಡ ಕೊಡದ ಸುದ್ದಿ ಸಿಗುತ್ತದೆ.

ಹೊಳೆ ಕಡಲು ಸೇರುವ ಕಡೆಯವರು ಉಬ್ಬರದ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಬೇಕು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಹೊತ್ತು ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ತುಂಬಿದ ಹೊಳೆಗೆ ಉಬ್ಬರ ಎದುರಾದರೆ ನೀರು ಅಲ್ಲೇ ನಿಂತು ಹಿಂದಕ್ಕೆ ಏರುತ್ತದೆ. ಇಳಿತ ಶುರುವಾದರೆ ಮಳೆ ನಿಲ್ಲದಿದ್ದರೂ ನೀರು ಇಳಿಯುವುದುಂಟು. ಉಬ್ಬರದ ಹೊತ್ತನ್ನು ಮೀನಿಗೆ ಹೋಗುವವರಲ್ಲಿ ಕೇಳಿ.

ಹೆಜ್ಜೆ 5: ಮಳೆ ಅಳೆಯಿರಿ

ನೇರ ಬದಿಯ, ತಟ್ಟೆಯಂಥ ತಳದ ಪಾತ್ರೆಯನ್ನು ಬಯಲಲ್ಲಿಟ್ಟು ಬೆಳಗ್ಗೆ 8.30ಕ್ಕೆ ಅಳತೆಪಟ್ಟಿ ಇಳಿಸಿ ನೋಡಿ. ಇಲಾಖೆಯ ಮಳೆದಿನವೂ 8.30ರಿಂದ 8.30ರವರೆಗೆ. ತಳ ಉಬ್ಬಿದ ತಂಪುಪಾನೀಯದ ಬಾಟಲಿ ಬೇಡ.

ಹೆಜ್ಜೆ 6: ಗೆರೆಗೊಂದು ಕೆಲಸ

ಸಂಕದ ಕಂಬದ ಯಾವ ಅಂಕೆಗೆ ಮೈನ್ ಸ್ವಿಚ್ ಆಫ್, ಯಾವುದಕ್ಕೆ ದನಗಳ ಹಗ್ಗ ಬಿಚ್ಚುವುದು, ಯಾವುದಕ್ಕೆ ಮನೆ ಬಿಡುವುದು ಎಂದು ಮೊದಲೇ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅದರ ಕೆಳಗಿರಲಿ. ಮರಳುಚೀಲಕ್ಕೆ ಗೋಣಿಯೇ ಆಗಬೇಕು. ಬಿಳಿ ಪ್ಲಾಸ್ಟಿಕ್ ಚೀಲ ಒಂದು ಬೇಸಿಗೆ ಬಿಸಿಲಿಗೆ ಬಿದ್ದರೆ ಎತ್ತುವಾಗಲೇ ಹರಿಯುತ್ತದೆ. ಅರ್ಧಕ್ಕಿಂತ ತುಸು ಮೇಲೆ ತುಂಬಿಸಿ, ಕಂಠಮಟ್ಟ ತುಂಬಿಸಿದ ಚೀಲಗಳ ಸಂದಿನಲ್ಲಿ ನೀರು ನುಗ್ಗುತ್ತದೆ. ಹರಿಯುವ ನೀರಿನಲ್ಲಿ ವಾಹನ ಇಳಿಸಬೇಡಿ. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸಲು ಸಾಕು.

ಹೆಜ್ಜೆ 7: ನೀರು ಇಳಿದ ಮೇಲೆ ಬಾವಿ

ನೆರೆನೀರು ಬಿದ್ದ ಬಾವಿಗೆ ಕ್ಲೋರಿನ್ ಹಾಕದೆ ಒಂದು ಕೊಡವೂ ಕುಡಿಯಬೇಡಿ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿ. ಬಂದದ್ದು ಲೀಟರ್. ಎರಡು ಮೀಟರ್ ಅಗಲ, ಮೂರು ಮೀಟರ್ ನೀರಿದ್ದರೆ 9,420 ಲೀಟರ್. ಸಾವಿರ ಲೀಟರಿಗೆ ಮಾಮೂಲಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್, ನೆರೆಯ ನಂತರ ಅದರ ಎರಡು ಪಟ್ಟು. ಪುಡಿಯನ್ನು ಬಕೆಟಿನಲ್ಲಿ ಕದಡಿ, ಗಸಿ ತಳದಲ್ಲಿ ನಿಂತ ಮೇಲೆ ತಿಳಿಯನ್ನು ಮಾತ್ರ ಬಾವಿಯ ಕೊಡಕ್ಕೆ ಸುರಿದು ನೀರಿನೊಳಗೆ ಇಳಿಸಿ ಅಲ್ಲಾಡಿಸಿ. ಸಂಜೆ ಹಾಕಿ ಬೆಳಗ್ಗೆ ಸೇದಿ, ಕುದಿಸಿ ಕುಡಿಯಿರಿ. ತೆರೆದಿಟ್ಟ ಹಳೆಯ ಪ್ಯಾಕೆಟಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಮೂಸಿದರೆ ಮೂಗಿಗೆ ಘಾಟು ಹತ್ತದ ಪುಡಿಯನ್ನು ಅಂಗಡಿಯವರಿಗೆ ಹಿಂದಿರುಗಿಸಿ ಹೊಸದನ್ನು ಕೇಳಿ ತನ್ನಿ.